ಬರೆಯುವ ಮುನ್ನ ನೋಡುವ ಪಾಠ

ಚಿತ್ರ ಬರೆಯಲು ಬಾರದು ಎನ್ನುವ ಯಾವುದೇ ವಿದ್ಯಾವಂತರ ಕೈಗೆ ಪೆನ್ಸಿಲ್ ಕೊಟ್ಟು ಒಬ್ಬ ಮನುಷ್ಯನನ್ನು ಬರೆಯಿರಿ ಎಂದರೆ, ಬಹುತೇಕ ಎಲ್ಲರ ಹಾಳೆಯಲ್ಲೂ ಒಬ್ಬನೇ ಮೂಡುತ್ತಾನೆ. ದುಂಡನೆಯ ತಲೆ, ಹಣೆಯ ಮೇಲೆ ಕುಳಿತ ಕಣ್ಣುಗಳು, ಬಾಚಣಿಗೆಯ ಹಲ್ಲಿನಂಥ ಬೆರಳುಗಳು. ಶಾಲೆಯ ಮಗುವೂ ಹೀಗೆಯೇ ಬರೆಯುತ್ತದೆ. ಭಾಷೆ, ಲೆಕ್ಕ, ವ್ಯವಹಾರಗಳಲ್ಲಿ ಬಹಳ ದೂರ ಬಂದವರು ಈ ಒಂದು ವಿದ್ಯೆಯಲ್ಲಿ ಮಾತ್ರ ಐದನೆಯ ತರಗತಿಯಲ್ಲೇ ನಿಂತಿರುತ್ತೇವೆ. ಇದಕ್ಕೆ ಕೈಯನ್ನು ದೂರಿ ಫಲವಿಲ್ಲ. ಎದುರಿಗೆ ಕಾಣುವುದನ್ನು ಬಿಟ್ಟು ನಮಗೆ ಮೊದಲೇ ಗೊತ್ತಿರುವುದನ್ನು ಬರೆಯುವುದೇ ಇದರ ಮೂಲ.

ನಿವೃತ್ತಿಯ ನಂತರ ನಾನು ಬೆಂಗಳೂರಿನ ನಮ್ಮ ಬಡಾವಣೆಯ ಭಾನುವಾರದ ಚಿತ್ರಕಲಾ ತರಗತಿಗೆ ಸೇರಿದೆ. ಸಹಪಾಠಿಗಳೆಲ್ಲ ಶಾಲಾ ಮಕ್ಕಳು. ಮುಖದಲ್ಲಿ ಕಣ್ಣು ಎಲ್ಲಿದೆ ಎಂಬುದು ಮೇಷ್ಟ್ರ ಮೊದಲ ಪ್ರಶ್ನೆ. ಮೇಲ್ಭಾಗದಲ್ಲಿ ಎಂದು ಎಲ್ಲರೂ ಉತ್ತರಿಸಿದೆವು. ಅವರು ಸ್ಕೇಲು ಕೊಟ್ಟು ಪಕ್ಕದವರ ತಲೆಯನ್ನು ಅಳೆಯಲು ಹೇಳಿದರು. ನೆತ್ತಿಯಿಂದ ಗದ್ದಕ್ಕೆ ಇರುವ ಅಂತರದ ಹೆಚ್ಚುಕಡಿಮೆ ನಡುಮಧ್ಯದಲ್ಲಿ ಕಣ್ಣುಗಳಿವೆ! ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗವಿದೆ. ಇಡೀ ಮುಖದ ಅಗಲ ಸುಮಾರು ಐದು ಕಣ್ಣುಗಳಷ್ಟು. ವಯಸ್ಕನ ದೇಹದ ಎತ್ತರ ಅವನ ತಲೆಯ ಸುಮಾರು ಏಳೂವರೆ ಪಟ್ಟು, ಹಸುಗೂಸಿನದು ಬರೀ ನಾಲ್ಕು ಪಟ್ಟು. ಮಾತನಾಡುವಾಗ ನಮ್ಮ ಗಮನ ಕಣ್ಣು, ಬಾಯಿಗಳ ಮೇಲಿರುವುದರಿಂದ ಅದರ ಮೇಲಿನ ಅರ್ಧ ತಲೆ ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಈ ಅಳತೆಗಳೇನೂ ಪಶ್ಚಿಮದಿಂದ ಬಂದ ಹೊಸ ಸಂಗತಿಯಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಪುರುಷರನ್ನು ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದು ಬಗೆಯಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಅಂಗುಲದ ಲೆಕ್ಕದಲ್ಲಿ ಎತ್ತರವನ್ನು ನಿಗದಿಪಡಿಸುತ್ತದೆ. ಹಂಸಪುರುಷನದು 108 ಅಂಗುಲ. ಇಲ್ಲಿ ಅಂಗುಲವೆಂದರೆ ಆಯಾ ವ್ಯಕ್ತಿಯದೇ ಬೆರಳಿನ ಅಳತೆ, ಹೊರಗಿನ ಅಳತೆಗೋಲಲ್ಲ. ಅದೇ ಪುರಾಣದಲ್ಲಿ ವಜ್ರನೆಂಬ ರಾಜನು ಪ್ರತಿಮೆಯ ವಿದ್ಯೆಯನ್ನು ಕಲಿಸೆಂದು ಮಾರ್ಕಂಡೇಯ ಮುನಿಯನ್ನು ಕೇಳುತ್ತಾನೆ. ಅದಕ್ಕೆ ಚಿತ್ರ ಬರಬೇಕು, ಚಿತ್ರಕ್ಕೆ ನೃತ್ಯ ಬರಬೇಕು, ನೃತ್ಯಕ್ಕೆ ವಾದ್ಯ ಮತ್ತು ಗಾಯನ ಬರಬೇಕು ಎನ್ನುತ್ತಾನೆ ಮುನಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದ್ದು ನೆನಪಾಗುತ್ತದೆ. ಅವರ ರೇಖಾಚಿತ್ರಗಳಲ್ಲಿ ಕುಣಿಯುವವರ ಮೈಯ ಲಯ ಒಂದೆರಡು ಗೆರೆಗಳಲ್ಲೇ ಸಿಕ್ಕಿಬಿಡುತ್ತದೆ.

ನೃತ್ಯದ ಮಾತು ಏಕೆ ಬಂತೆಂಬುದು ಎರಡನೆಯ ಹಂತದಲ್ಲಿ ಅರ್ಥವಾಯಿತು. ಅಳತೆ ಕಲಿತವನು ಗೊಂಬೆಯನ್ನು ಬರೆಯಬಲ್ಲ. ಮನುಷ್ಯನಿಗೆ ಭಾರವಿದೆ, ಬಾಗುವಿಕೆಯಿದೆ, ದಣಿವಿದೆ. ಅದನ್ನು ಹಿಡಿಯಲು ಅರ್ಧ ನಿಮಿಷದಲ್ಲಿ ಒಂದು ಚಿತ್ರ ಮುಗಿಸುವ ಅಭ್ಯಾಸವಿದೆ. ಅಮೆರಿಕದ ಕಲಾಶಿಕ್ಷಕ ಕಿಮನ್ ನಿಕೊಲಾಯ್ಡಿಸ್ ಅವರ, 1941ರಲ್ಲಿ ಪ್ರಕಟವಾದ ಪುಸ್ತಕ ಈ ಕ್ರಮಕ್ಕೆ ಹೆಸರಾದದ್ದು. ಕಣ್ಣು, ಮೂಗುಗಳ ಗೊಡವೆಯಿಲ್ಲ. ದೇಹದ ಭಾರ ಯಾವ ಕಾಲಿನ ಮೇಲಿದೆ, ಬೆನ್ನು ಎತ್ತ ವಾಲಿದೆ ಎಂಬುದಷ್ಟೇ ಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕುಳಿತು ನಾನು ಪುಟಗಟ್ಟಲೆ ಹೀಗೆ ಗೀಚಿದ್ದೇನೆ. ತಲೆಯ ಮೇಲೆ ಮೂಟೆ ಹೊತ್ತವನ ಕತ್ತು ನೆಟ್ಟಗಿರುತ್ತದೆ. ಬರಿಗೈಯಲ್ಲಿ ಮೊಬೈಲ್ ನೋಡುತ್ತಾ ನಿಂತವನ ಕತ್ತು ಬಾಗಿರುತ್ತದೆ. ದಿನವೂ ಕಂಡಿದ್ದರೂ ಗೆರೆ ಎಳೆಯುವವರೆಗೆ ಇದು ಗಮನಕ್ಕೆ ಬಂದಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವೂ ಇದೆ. ಅಪರಿಚಿತರನ್ನು ದಿಟ್ಟಿಸುವುದು ಸಭ್ಯತೆಯಲ್ಲ. ಒಮ್ಮೆ ಸೊಪ್ಪು ಮಾರುವ ಹೆಂಗಸೊಬ್ಬರು, 'ಏನ್ ಬರ್ಕೊಳ್ತಾ ಇದೀರಾ ಸ್ವಾಮಿ?' ಎಂದು ಅನುಮಾನದಿಂದಲೇ ಕೇಳಿದರು. ಪಾಲಿಕೆಯವರೆಂದು ಭಾವಿಸಿದ್ದರೇನೋ. ಪುಸ್ತಕ ತೋರಿಸಿದೆ. 'ನನ್ ಕೈ ಇಷ್ಟ್ ದೊಡ್ದಾ?' ಎಂದು ನಕ್ಕು, ಅಂಗೈ ಬಿಡಿಸಿ ತಾವೇ ನೋಡಿಕೊಂಡರು. ಅಂದಿನಿಂದ ಒಬ್ಬರ ಎದುರು ತುಸು ಹೊತ್ತು ಕೂರಬೇಕೆನಿಸಿದರೆ ಅವರನ್ನು ಕೇಳಿಯೇ ಬರೆಯುವುದು ನನ್ನ ನಿಯಮ.

ಈ ವಿದ್ಯೆ ನನಗೆ ಕೊಟ್ಟ ನಿಜವಾದ ಲಾಭ ಮನೆಯೊಳಗಿನದು. ಎಂಬತ್ತಾರರ ನನ್ನ ಅಮ್ಮನಿಗೆ ಕಿವಿ ಪೂರ್ತಿ ಕೇಳಿಸದಾಗಿ ಮೂರು ವರ್ಷವಾಯಿತು. ಊಟವಾಯಿತೇ, ಮಾತ್ರೆ ತೆಗೆದುಕೊಂಡೆಯಾ ಎಂಬ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತೋರಿಸುವಷ್ಟಕ್ಕೆ ನಮ್ಮ ಮಾತುಕತೆ ಇಳಿದಿತ್ತು. ಈಗ ಮಧ್ಯಾಹ್ನ ಕಿಟಕಿಯ ಬಳಿ ಅವಳು ಕೂರುತ್ತಾಳೆ, ನಾನು ಎದುರಿಗೆ ಕೂತು ಬರೆಯುತ್ತೇನೆ. ಅರ್ಧ ಗಂಟೆ ಯಾರೂ ಕೂಗಿ ಮಾತನಾಡಬೇಕಾಗಿಲ್ಲ. ಮುಗಿದ ಮೇಲೆ ಕನ್ನಡಕ ಏರಿಸಿ ನೋಡಿ, 'ಈ ಮೂಗು ನಮ್ಮಪ್ಪಂದು ಕಣೋ' ಎನ್ನುತ್ತಾಳೆ. ಹಿಂದೆಯೇ ನಾನು ಕಂಡಿರದ ಅಜ್ಜನ ಒಂದು ಕಥೆ ಬರುತ್ತದೆ. ಚಿತ್ರ ಹೋಲುತ್ತದೆಯೋ ಇಲ್ಲವೋ, ನಾವಿಬ್ಬರೂ ಮತ್ತೆ ಮಾತಿಗೆ ಕೂತಿದ್ದೇವೆ.

ಶಾಲೆಗಳಲ್ಲಿ ಪರೀಕ್ಷೆ ಹತ್ತಿರವಾದಂತೆ ಗಣಿತಕ್ಕೋ ವಿಜ್ಞಾನಕ್ಕೋ ಮೊದಲು ಬಿಟ್ಟುಕೊಡುವುದು ಚಿತ್ರಕಲೆಯ ಅವಧಿಯನ್ನೇ. ಎಲ್ಲರೂ ಕಲಾವಿದರಾಗಬೇಕೇ ಎಂದು ಪೋಷಕರು ಕೇಳುತ್ತಾರೆ. ಬೇಕಿಲ್ಲ, ನಿಜ. ಆದರೆ ಮುಂದೆ ವೈದ್ಯರೋ, ಶಿಕ್ಷಕರೋ, ಅಧಿಕಾರಿಗಳೋ ಆಗುವ ಈ ಮಕ್ಕಳು ಎದುರಿಗಿರುವ ಮನುಷ್ಯನನ್ನು ಅವನಿರುವಂತೆ ನೋಡಬೇಕಲ್ಲವೇ? ಆ ಅಭ್ಯಾಸವನ್ನು ಇಷ್ಟು ಅಗ್ಗವಾಗಿ ಕಲಿಸುವ ಬೇರೆ ಪಾಠ ನನಗೆ ತಿಳಿದಿಲ್ಲ. ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಬೇಕಾದ ಮುಖವನ್ನು ಬರೆದುಕೊಡುತ್ತಿರುವ ಈ ದಿನಗಳಲ್ಲಿ ಇದರ ಅಗತ್ಯ ಹೆಚ್ಚಿದೆ.

ಆಸಕ್ತರಿಗೆ ಒಂದು 2ಬಿ ಪೆನ್ಸಿಲ್, ಗೆರೆಯಿಲ್ಲದ ಒಂದು ಪುಸ್ತಕ ಸಾಕು. ಮೊದಲ ತಿಂಗಳು ರಬ್ಬರ್ ಬೇಡ. ಅಳಿಸುವ ಕೈ ನೋಡುವುದನ್ನು ನಿಲ್ಲಿಸುತ್ತದೆ. ಮುಖಕ್ಕೆ ಅವಸರಪಡದೆ ನಿಮ್ಮದೇ ಎಡಗೈಯಿಂದ ಪ್ರಾರಂಭಿಸಬಹುದು. ಆಮೇಲೆ ಮನೆಯ ಹಿರಿಯರೊಬ್ಬರನ್ನು ಬೆಳಕಿರುವ ಕಡೆ ಕೂರಿಸಿಕೊಳ್ಳಿ. ಅವರು ಅತ್ತಿತ್ತ ಅಲುಗಾಡುತ್ತಾರೆ, ತೂಕಡಿಸುತ್ತಾರೆ, ನಡುವೆ ಎದ್ದು ಹೋಗುತ್ತಾರೆ. ಹೋಗಲಿ ಬಿಡಿ, ನಾಳೆ ಮತ್ತೆ ಕೂರಿಸಿಕೊಂಡರಾಯಿತು.