ಗೆದ್ದಲಿಗೂ ಬೇಕು ಮಣ್ಣಿನ ಹದ

ಚಳ್ಳಕೆರೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಬೇಸಿಗೆಯಿಡೀ ಕಣ್ಣಿಗೆ ಬೀಳದ ಗೆದ್ದಲು, ಒಂದು ಒಳ್ಳೆ ಮಳೆ ಬಿದ್ದು ಹೊಳವಾದದ್ದೇ ತಡ, ರಾತ್ರೋರಾತ್ರಿ ಬೇವಿನ ಮರಕ್ಕೆ ಮಣ್ಣು ಮೆತ್ತಿಬಿಡುತ್ತದೆ. ಅಲ್ಲಿಯವರೆಗೆ ಎಲ್ಲಿತ್ತು?’

ನಿಮ್ಮ ಕಾಲ ಕೆಳಗೇ ಇತ್ತು. ಗೆದ್ದಲಿನ ಚರ್ಮ ಬಲು ತೆಳು. ಒಣಗಾಳಿಗೆ ಸಿಕ್ಕರೆ ಮೈಯ ನೀರು ಆರಿ ಸಾಯುತ್ತದೆ. ಅದಕ್ಕೇ ಬಿರುಬೇಸಿಗೆಯಲ್ಲಿ ತಂಪಿರುವ ಆಳಕ್ಕೆ ಇಳಿಯುತ್ತದೆ. ಮೇಲೆ ಬಂದರೂ ಮಣ್ಣಿನ ಮರೆ ಕಟ್ಟಿಕೊಂಡೇ ಬರುತ್ತದೆ. ಬಿಸಿಲು, ಗಾಳಿ, ಇರುವೆ ಮೂರನ್ನೂ ತಡೆಯುವ ಸೂರು ಅದು.

ಆ ಸೂರಿನ ಕೆಲಸಗಾರಿಕೆ ನೋಡಬೇಕು! ಗೆದ್ದಲು ಮಣ್ಣಿಗೆ ಎಂಜಲು ಬೆರೆಸಿ ಪುಟ್ಟ ಉಂಡೆ ಮಾಡಿ, ಒಂದೊಂದನ್ನೇ ಬಾಯಲ್ಲಿ ಹೊತ್ತು ತಂದು ಒತ್ತುತ್ತದೆ. ನಮ್ಮಲ್ಲಿ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಒಬೆಸಸ್ ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿಕಿತಾ ಜಕಾರಿಯಾ, ತೇಜಸ್ ಮೂರ್ತಿ, ರೆನೀ ಬೋರ್ಜಸ್ ಮತ್ತು ಸಂಗಡಿಗರು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು. ಉಂಡೆಗಳು ಎರಡು ಅಳತೆಯವು! ಸೈಜುಗಲ್ಲಿನ ಸಂದಿಗೆ ಚಕ್ಕೆ ತುರುಕುವ ಗಾರೆಯವನಂತೆ, ದೊಡ್ಡವುಗಳ ನಡುವೆ ಚಿಕ್ಕವು ಕೂತು ಗೋಡೆ ಬಿಗಿಯಾಗುತ್ತದೆ. ಹರಳುಹರಳಾದ, ಒರಟಾದ, ನೀರು ಹಿಡಿಯುವ, ಒಂದಿಷ್ಟು ಸಾವಯವ ಅಂಶವಿರುವ ವಸ್ತುವೇ ಅವುಗಳ ಬಾಯಿಗೆ ಸಲೀಸು. ಜೊತೆಗೆ ತೇವ ಹದವಾಗಿರಬೇಕು. ತೀರ ಒಣಗಿದ ಮಣ್ಣು ಉಂಡೆ ಕಟ್ಟುವುದಿಲ್ಲ, ರಾಡಿ ನಿಲ್ಲುವುದಿಲ್ಲ. ಜಡಿಮಳೆಯಾದರೆ ಕಟ್ಟಿದ್ದೂ ತೊಳೆದು ಹೋಗುತ್ತದೆ. ಹೀಗಾಗಿಯೇ ಮಳೆ ನಿಂತ ಮರುದಿನಗಳು ಗೆದ್ದಲಿನ ಸುಗ್ಗಿ.

ತೇವದ ಈ ನಂಟನ್ನು ಹಳಬರೂ ಗಮನಿಸಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಕುರುಹುಗಳ ಪಟ್ಟಿಯಲ್ಲಿ ಹುತ್ತವೂ ಇದೆ. ಆದರೆ ಅದನ್ನೇ ಹಿಡಿದು ಇವತ್ತು ಹುತ್ತದ ಪಕ್ಕ ಬೋರ್‌ವೆಲ್ ಪಾಯಿಂಟ್ ಹಾಕುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಗೆದ್ದಲಿಗೆ ಬೇಕಾದದ್ದು ತೇವದ ಮಣ್ಣು. ಸಾವಿರ ಅಡಿ ಕೆಳಗಿನ ಬಂಡೆ ಸೀಳಿನ ಸುದ್ದಿ ಅದಕ್ಕೇನು ಗೊತ್ತು? ಸಾಲ ಮಾಡಿ ಕೊರೆಸುವ ಮೊದಲು ಭೂವಿಜ್ಞಾನಿಯನ್ನು ಕೇಳಿ, ಹುತ್ತವನ್ನಲ್ಲ.

ಮಳೆ ಕೈಕೊಟ್ಟ ವರ್ಷ ಶೇಂಗಾ, ಮೆಕ್ಕೆಜೋಳದ ಹೊಲದಲ್ಲಿ ಇವುಗಳ ಕಾಟ ಹೆಚ್ಚು, ನಿಜ. ಬಾಡಿದ ಗಿಡ ಸುಲಭದ ತುತ್ತು. ನಿಮ್ಮ ಬೇವಿನ ಮಾತೇ ಬೇರೆ. ಬಲಿತ ಮರದಲ್ಲಿ ಅವು ಸಾಮಾನ್ಯವಾಗಿ ಮೇಯುವುದು ಹೊರಗಿನ ಸತ್ತ ತೊಗಟೆಯನ್ನು. ಮಣ್ಣು ಕೆರೆದು ನೋಡಿ. ಕೆಳಗಿನ ಹಸಿ ತೊಗಟೆ ಹಾಗೇ ಇದ್ದರೆ ಔಷಧಿ ಹೊಡೆಯಬೇಡಿ. ಎಳೆ ಸಸಿಗಳಿದ್ದರೆ ಅವನ್ನು ಕಾಯಿರಿ, ಬುಡ ಒಣಗಲು ಬಿಡಬೇಡಿ.