ಕೊಯ್ಲಿನ ಕಾಲದಲ್ಲಿ ಮೋಟಾರ್ ಸೈಕಲ್ ಸವಾರಿ



ಚಿತ್ತೆ ಮಳೆ ಮುಗಿಯುತ್ತಾ ಬಂದಿದೆ. ಸ್ವಾತಿ, ವಿಶಾಖ ಮಳೆಗಳ ಹೊತ್ತಿಗೆ ರಾಗಿ ತೆನೆ ಬಲಿತು ಕೊಯ್ಲು ಪ್ರಾರಂಭವಾಗುತ್ತದೆ. ಈ ದಿನಗಳಲ್ಲಿ ನಾನು ಬೀಜಕ್ಕೆ ತೆನೆ ಆರಿಸುವುದು, ಮೆದೆ ಒಟ್ಟುವುದು ಮುಂತಾದ ವಿಷಯ ಬರೆಯುವುದು ವಾಡಿಕೆ. ಈ ಸಲ ಮೋಟಾರ್ ಸೈಕಲ್ ವಿಷಯ ಬರೆಯುತ್ತಿದ್ದೇನೆ. ಬೇಸಾಯಕ್ಕೂ ಅದಕ್ಕೂ ಏನು ಸಂಬಂಧವೆಂದು ಹಿರಿಯರು ಕೇಳಬಹುದು. ಡೇರಿಗೆ ಹಾಲಿನ ಕ್ಯಾನು, ಹೊಲಕ್ಕೆ ಗೊಬ್ಬರದ ಮೂಟೆ, ಸಂತೆಗೆ ಕಾಯಿ, ದನಕ್ಕೆ ಹುಲ್ಲಿನ ಹೊರೆ, ಶಾಲೆಗೆ ಮಗು, ಇವೆಲ್ಲವೂ ಈಗ ಹೋಗುವುದು ಅದರ ಮೇಲೆಯೇ ಅಲ್ಲವೇ? ಹಿಂದೆ ಜೋಡೆತ್ತು ಮಾಡುತ್ತಿದ್ದ ಕೆಲಸದ ಅರ್ಧಪಾಲನ್ನು ಇಂದು ಈ ಯಂತ್ರವೇ ಮಾಡುತ್ತಿದೆ. ಎತ್ತಿನ ಲಾಳದ ಬಗ್ಗೆ ನಾವು ತೋರುತ್ತಿದ್ದ ಕಾಳಜಿಯನ್ನು ಇದರ ಚಕ್ರದ ಬಗ್ಗೆ ತೋರುತ್ತಿಲ್ಲ.

ಇದನ್ನು ಬರೆಯಲು ನನ್ನ ಸ್ವಂತದ ಕಾರಣವೂ ಒಂದಿದೆ. ಹೋದ ವರ್ಷ ಕಾರ್ತಿಕದ ಒಂದು ಸಂಜೆ, ಒಂದು ಹಳ್ಳಿಯಲ್ಲಿ ರೈತರ ಸಭೆ ಮುಗಿಸಿ ಹಿಂದಿರುಗುತ್ತಿದ್ದೆ. ಕತ್ತಲಾಗಿತ್ತು. ಎದುರಿನಿಂದ ಟ್ರಾಕ್ಟರು ಬಂದು ಅದರ ದೀಪ ಕಣ್ಣಿಗೆ ಹೊಡೆಯಿತು. ಅದು ದಾಟುತ್ತಲೇ ನನ್ನ ಮುಂದೆ ಟಾರು ರಸ್ತೆಯ ಅರ್ಧ ಅಗಲಕ್ಕೆ ರಾಗಿ ಹರಡಿತ್ತು. ಅದರ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ಗಾಬರಿಯಿಂದ ಹಿಂದಿನ ಬ್ರೇಕನ್ನು ಕಾಲಿನಿಂದ ಒತ್ತಿ ಹಿಡಿದೆ. ಹುಲ್ಲಿನ ಮೇಲೆ ಚಕ್ರ ನಿಲ್ಲದೆ ಜಾರಿತು. ಕೊರಳೆಲುಬು ಮುರಿದು, ಆರು ವಾರ ಕೈಗೆ ಜೋಳಿಗೆ ಕಟ್ಟಿಕೊಂಡು ಕುಳಿತೆ. ಹೆಲ್ಮೆಟ್ಟಿನ ಬಲಭಾಗ ಪೂರ್ತಿ ಉಜ್ಜಿಹೋಗಿತ್ತು. ಅದು ತಲೆಯ ಮೇಲಿರದೆ ಟ್ಯಾಂಕಿನ ಮೇಲೆ ಇದ್ದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು.

ಮೊದಲು ಓಡಿ ಬಂದು ನನ್ನನ್ನು ಎತ್ತಿದವರು ಆ ರಾಗಿಯ ಯಜಮಾನರೇ. ವಯಸ್ಸಾದವರು. ನನ್ನ ಗುರುತು ಸಿಕ್ಕ ಮೇಲೆ ಅವರಿಗೆ ಕಣ್ಣಲ್ಲಿ ನೀರು ಬಂತು. "ಸ್ವಾಮಿ, ಕಣ ಮಾಡೋಕೆ ಜಾಗ ಎಲ್ಲೈತೆ ಹೇಳಿ. ಮಳೆ ಬಿಡ್ತಿಲ್ಲ, ಆಳು ಸಿಕ್ತಿಲ್ಲ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನೂ ಅಲ್ಲಿ ಐವತ್ತರ ಮೇಲಿನ ವೇಗದಲ್ಲಿ ಬರುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ವೇಗದ ಲೆಕ್ಕವನ್ನು ಸ್ವಲ್ಪ ಗಮನವಿಟ್ಟು ನೋಡಿರಿ. ಅಪಾಯ ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆಯುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲೇ ಗಾಡಿ 11 ಮೀಟರ್ ಮುಂದೆ ಹೋಗಿರುತ್ತದೆ. ಆಮೇಲೆ ಒಣ ಟಾರಿನ ಮೇಲೆ ಒಳ್ಳೆಯ ಬ್ರೇಕು ಹಿಡಿದರೆ ನಿಲ್ಲಲು ಇನ್ನೊಂದು 10 ಮೀಟರ್ ಬೇಕು. ಒಟ್ಟು 21 ಮೀಟರ್, ಅಂದರೆ ಹನ್ನೊಂದು ಹನ್ನೆರಡು ಮಾರು. 60ರ ವೇಗದಲ್ಲಿ ಇದೇ ಲೆಕ್ಕ ಸುಮಾರು 40 ಮೀಟರಿಗೆ, ಅಂದರೆ ಇಪ್ಪತ್ತೆರಡು ಮಾರಿಗೆ ಏರುತ್ತದೆ. ವೇಗ ಒಂದೂವರೆ ಪಾಲು ಹೆಚ್ಚಿತು, ನಿಲ್ಲುವ ದೂರ ಹೆಚ್ಚುಕಡಿಮೆ ಎರಡು ಪಾಲಾಯಿತು. ನೆಲ ಒದ್ದೆಯಾಗಿ ಜಾರುತ್ತಿದ್ದರೆ ಅಥವಾ ಮೇಲೆ ಹುಲ್ಲು, ಕಾಳು ಇದ್ದರೆ 60 ಮೀಟರೂ ಸಾಲದೆ ಹೋಗಬಹುದು. ಮೋಟಾರ್ ಸೈಕಲಿನ ಇಳಿಬೆಳಕು 40 ಮೀಟರಿಗಿಂತ ಆಚೆ ರಸ್ತೆಯನ್ನು ಚೆನ್ನಾಗಿ ತೋರಿಸುವುದು ಅಪರೂಪ. ಆದ್ದರಿಂದ ರಾತ್ರಿ ಹಳ್ಳಿಯ ರಸ್ತೆಯಲ್ಲಿ 60ರಲ್ಲಿ ಹೋಗುವವನು ತನಗೆ ಕಾಣದ ಜಾಗಕ್ಕೆ ನುಗ್ಗುತ್ತಿದ್ದಾನೆ ಎಂದೇ ಅರ್ಥ. 40ಕ್ಕೆ ಇಳಿಸಿದರೆ ಕಂಡ ಜಾಗದೊಳಗೆ ನಿಲ್ಲಿಸಬಹುದು.

ಈ ಕಾಲದಲ್ಲಿ ಕತ್ತಲೆಯೂ ಬೇಗ ಬರುತ್ತದೆ. ಜೂನ್ ತಿಂಗಳಲ್ಲಿ ಆರೂಮುಕ್ಕಾಲು ದಾಟಿದ ಮೇಲೆ ಮುಳುಗುತ್ತಿದ್ದ ಸೂರ್ಯ ನವೆಂಬರಿನಲ್ಲಿ ಆರಕ್ಕೆ ಮುಂಚೆಯೇ ಮುಳುಗುತ್ತಾನೆ. ಸಂಜೆ ಹಾಲು ಹಾಕಿ ಬರುವವರು ಹೊರಡುವ ಹೊತ್ತನ್ನು ಬದಲಾಯಿಸುವುದಿಲ್ಲ. ಹೀಗಾಗಿ ಮೊನ್ನೆವರೆಗೆ ಬೆಳಕಿನಲ್ಲಿ ಬರುತ್ತಿದ್ದ ದಾರಿಯಲ್ಲೇ ಈಗ ಕತ್ತಲಲ್ಲಿ ಬರುತ್ತಾರೆ. ಬೆಳಗಿನ ಹೊತ್ತು ಮಂಜು. ನಡುವೆ ಕೆಲವು ದಿನ ಬಿಸಿಲಿದ್ದು ಮಳೆ ಬಿದ್ದರೆ ಮೊದಲ ಅರ್ಧ ಗಂಟೆ ರಸ್ತೆ ಬಹಳ ಜಾರುತ್ತದೆ. ಧೂಳು ಮತ್ತು ಗಾಡಿಗಳಿಂದ ಸುರಿದ ಎಣ್ಣೆ ನೀರಿನೊಡನೆ ಸೇರಿ ಲೋಳೆಯಾಗುವುದೇ ಇದಕ್ಕೆ ಕಾರಣ. ಗದ್ದೆಯಿಂದ ಎದ್ದ ಟ್ರಾಕ್ಟರು ರಸ್ತೆಗೆ ತರುವ ಕೆಸರಿನ ಗೊಡವೆಯಂತೂ ಹೇಳಬೇಕಾಗಿಲ್ಲ. ಆಯುಧಪೂಜೆಯ ಮಾರನೆಯ ದಿನ ರಸ್ತೆಯ ನಡುವೆ ಒಡೆದ ಬೂದುಗುಂಬಳದ ತಿರುಳೂ ಅಷ್ಟೇ ಜಾರುತ್ತದೆ. ಗಾಡಿಗೆ ದೃಷ್ಟಿಯಾಗದಿರಲೆಂದು ಒಡೆದ ಕಾಯಿ ಹಿಂದೆ ಬರುವವನ ಕಾಲು ಮುರಿಯಬೇಕೇ? ಒಡೆದ ಮೇಲೆ ಒಂದು ಬಾರಿ ಬದಿಗೆ ಗುಡಿಸಿ ಹಾಕಿದರೆ ದೇವರು ಬೇಡವೆನ್ನುವುದಿಲ್ಲ.

ಬ್ರೇಕಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಎಲ್ಲ ಕಡೆಯೂ ಇದೆ. ಮುಂದಿನ ಬ್ರೇಕು ಹಿಡಿದರೆ ಗಾಡಿ ಮಗುಚುತ್ತದೆಂದು ಅನೇಕರು ಅದನ್ನು ಮುಟ್ಟುವುದೇ ಇಲ್ಲ. ನಿಜವೇನೆಂದರೆ, ಬ್ರೇಕು ಹಿಡಿದಾಗ ಗಾಡಿಯ ಮತ್ತು ಸವಾರನ ಭಾರ ಮುಂದಕ್ಕೆ ವಾಲುತ್ತದೆ. ಆಗ ನೆಲವನ್ನು ಗಟ್ಟಿಯಾಗಿ ಹಿಡಿಯುವುದು ಮುಂದಿನ ಚಕ್ರವೇ. ಒಣ ಟಾರಿನ ಮೇಲೆ ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದು. ಎರಡನ್ನೂ ಒಟ್ಟಿಗೆ, ಹಸುವಿನ ಮೊಲೆ ಹಿಂಡುವ ಹಾಗೆ ಮೆಲ್ಲಗೆ ಶುರುಮಾಡಿ ಬಿಗಿ ಮಾಡಬೇಕು. ಒಮ್ಮೆಗೇ ಕಿತ್ತಂತೆ ಹಿಡಿಯಬಾರದು. ಹುಲ್ಲು, ಜಲ್ಲಿ, ಕೆಸರು ಎದುರಾದರೆ ಅದರ ಮೇಲೆ ಹೋದ ಬಳಿಕ ಬ್ರೇಕು ಹಿಡಿಯುವುದಲ್ಲ, ಹೋಗುವ ಮೊದಲೇ ವೇಗ ಇಳಿಸಬೇಕು. ಮೇಲೆ ಹೋದ ಮೇಲೆ ಹ್ಯಾಂಡಲ್ ನೇರವಾಗಿಟ್ಟು ತಿರುವದೆ ಸಾವಕಾಶವಾಗಿ ದಾಟಬೇಕು. ಹುರುಳಿ ಸೊಪ್ಪೆ ಇನ್ನೂ ಕೆಟ್ಟದ್ದು. ಬಳ್ಳಿ ಚಕ್ರಕ್ಕೂ ಚೈನಿಗೂ ಸುತ್ತಿಕೊಳ್ಳುತ್ತದೆ. ಕಾರಿನ ಅಡಿಗೆ ಸಿಕ್ಕಿ, ಸೈಲೆನ್ಸರಿನ ಕಾವಿಗೆ ಬೆಂಕಿ ಹತ್ತಿದ್ದೂ ಉಂಟು. ಗಾಡಿಗೆ ಸುತ್ತಿದರೆ ತಕ್ಷಣ ಇಂಜಿನ್ ಆರಿಸಿ ಇಳಿದು ಬಿಡಿಸಿರಿ.

125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಿಗೆ, ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎ.ಬಿ.ಎಸ್. ಏರ್ಪಾಡು 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಹಳೆಯ ಗಾಡಿಗಳಿಗೆ ಅದಿಲ್ಲ.

ಹಳೆಯ ಗಾಡಿಯೆಂದಾಗ ನಮ್ಮ ಹೋಬಳಿಯ ಬೈಕು ಬಳಗದ ವಿಷಯ ಹೇಳಬೇಕು. ಹದಿನೆಂಟು ಇಪ್ಪತ್ತು ಮಂದಿ ಸೇರಿ ಕಟ್ಟಿಕೊಂಡದ್ದು. ಹೆಚ್ಚಿನವರು ಬೇಸಾಯದ ಹುಡುಗರು. ಹಿರಿಯರೊಬ್ಬರು ಮಾತ್ರ ತಮ್ಮ ಯೆಜ್ಡಿಯ ಮೇಲೆ ಬರುತ್ತಾರೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ಗಾಡಿಗಳು ತಯಾರಾಗುತ್ತಿದ್ದವು. ಒದ್ದು ಸ್ಟಾರ್ಟ್ ಮಾಡುವ ಕಡ್ಡಿಯೇ ಆಮೇಲೆ ಗೇರಿನ ಕಡ್ಡಿಯೂ ಆಗುವುದನ್ನು ಕಂಡು ಈಗಿನ ಹುಡುಗರು ಬೆರಗಾಗುತ್ತಾರೆ. ಮೊದಲು ಈ ಬಳಗವೆಂದರೆ ಸದ್ದು ಮಾಡಿಕೊಂಡು ತಿರುಗುವವರೆಂದು ಊರಿನವರಿಗೆ ಬೇಸರವಿತ್ತು; ನನಗೂ ಇತ್ತು. ನಾನು ಬಿದ್ದ ಮೇಲೆ ಅವರೇ ಬಂದು, ಈ ಶರತ್ಕಾಲಕ್ಕೆ ಏನಾದರೂ ಕೆಲಸ ಇಟ್ಟುಕೊಳ್ಳೋಣವೆಂದರು.

ಆಯುಧಪೂಜೆಗೆ ಗಾಡಿ ತೊಳೆಯುವ ದಿನವನ್ನೇ ಅವರು ತಪಾಸಣೆಯ ದಿನ ಮಾಡಿಕೊಂಡರು. ಅರಿಶಿನ ಕುಂಕುಮ ಇಡುವ ಮೊದಲು ಪ್ರತಿಯೊಂದು ಗಾಡಿಯ ಟೈರು, ಬ್ರೇಕು, ಚೈನು, ದೀಪ ನೋಡಿದರು. ಟೈರಿನ ಪಕ್ಕದಲ್ಲಿ ಟಿ.ಡಬ್ಲ್ಯೂ.ಐ. ಎಂಬ ಗುರುತಿದ್ದರೆ, ಅದರ ನೇರಕ್ಕೆ ತೋಡಿನೊಳಗೆ ಸಣ್ಣ ದಿಣ್ಣೆ ಇರುತ್ತದೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಅದನ್ನು ಬದಲಾಯಿಸಲೇಬೇಕು. ಬಂದ ಗಾಡಿಗಳಲ್ಲಿ ಹಿಂದಿನ ಕೆಂಪು ದೀಪ ಉರಿಯದವು ಎಷ್ಟಿದ್ದವೆಂದು ಬರೆದರೆ ನಮಗೇ ನಾಚಿಕೆ.

ಈಗ ಹಾಸನಾಂಬೆಯ ಬಾಗಿಲು ತೆರೆಯುವ ದಿನ ಹತ್ತಿರವಾಗಿದೆ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದು, ಬಲಿಪಾಡ್ಯಮಿ ಕಳೆದು ಮುಚ್ಚುವ ಆ ಗುಡಿಗೆ ನಮ್ಮ ಕಡೆಯಿಂದ ಗುಂಪು ಗುಂಪಾಗಿ ಬೈಕಿನಲ್ಲಿ ಹೋಗುವುದುಂಟು. ರಾಜ್ಯೋತ್ಸವಕ್ಕೂ ಮೆರವಣಿಗೆ ಇರುತ್ತದೆ. ಗುಂಪಿನಲ್ಲಿ ಹೋಗುವಾಗ ಬಳಗದವರು ಪಾಲಿಸುವ ಕ್ರಮ ನನಗೆ ಮೆಚ್ಚುಗೆಯಾಯಿತು. ಅನುಭವಿ ಸವಾರ ಮುಂದೆ, ಅವನ ಹಿಂದೆಯೇ ಹೊಸಬರು. ಎಲ್ಲರಿಗಿಂತ ನಿಧಾನದವನ ವೇಗವೇ ಗುಂಪಿನ ವೇಗ. ಕೊನೆಯವನ ಬಳಿ ಪಂಕ್ಚರ್ ಸಾಮಾನು ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಅಗಲವಾದ ರಸ್ತೆಯಲ್ಲಿ ಒಬ್ಬನು ತಮ್ಮ ಪಥದ ಬಲಕ್ಕೆ, ಮುಂದಿನವನು ಎಡಕ್ಕೆ, ಹೀಗೆ ಓರೆಯಾಗಿ ಸಾಗುತ್ತಾರೆ. ಜೊತೆಜೊತೆಯಾಗಿ ಮಾತಾಡಿಕೊಂಡು ಹೋಗುವುದಿಲ್ಲ. ಕಿರಿದಾದ ಊರ ರಸ್ತೆಯಲ್ಲೂ ತಿರುವಿನಲ್ಲೂ ಒಂದೇ ಸಾಲು. ನೇರ ಮುಂದಿರುವವನು ಒಂದು ಮರವನ್ನು ದಾಟಿದ ಮೇಲೆ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸುವಷ್ಟು ಅಂತರವಿರಬೇಕು. ಪ್ರತಿಯೊಬ್ಬನೂ ತನ್ನ ಹಿಂದಿನವನನ್ನು ಕನ್ನಡಿಯಲ್ಲಿ ನೋಡುತ್ತಿರಬೇಕು. ಅವನು ಕಾಣದಿದ್ದರೆ ನಿಲ್ಲಬೇಕು. ಹೀಗಾಗಿ ಯಾರೂ ಯಾರನ್ನೂ ಹಿಡಿಯಲು ಓಡಿಸಬೇಕಾಗಿಲ್ಲ.

ಹೆಲ್ಮೆಟ್ ಇಲ್ಲದವನಿಗೆ, ಹಿಂದೆ ಕೂರುವವನಿಗೂ ಸಹ, ಸಾಲಿನಲ್ಲಿ ಜಾಗವಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರ ಸಂಖ್ಯೆ 50,029. ಇದು ಪೇಟೆಯ ವಿಷಯವೆಂದು ತಿಳಿಯಬೇಡಿರಿ. ಒಟ್ಟು ಸಾವುಗಳಲ್ಲಿ ಮೂರನೆಯ ಎರಡು ಪಾಲು ಗ್ರಾಮಾಂತರದಲ್ಲೇ ಆದವು. ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನೇ ಕೊಳ್ಳಿರಿ, ಗಲ್ಲದ ಪಟ್ಟಿ ಬಿಗಿಯಿರಿ. ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ಟಿನ ಒಳಗಿನ ಬೆಂಡು ಅಮುಕಿಹೋಗಿರುತ್ತದೆ. ಮೇಲೆ ಚೆನ್ನಾಗಿ ಕಂಡರೂ ಅದು ಮತ್ತೆ ಕೆಲಸಕ್ಕೆ ಬಾರದು. ನಾಲ್ಕು ವರ್ಷ ತುಂಬಿದ ಮಗುವಿಗೂ ಹೆಲ್ಮೆಟ್ ಬೇಕೆಂದು ಕಾನೂನಿದೆ. ಅದಕ್ಕಿಂತ ಚಿಕ್ಕ ಮಗುವನ್ನು ಕೂರಿಸಿಕೊಂಡಾಗ ಮಗುವಿಗೂ ಹೆಲ್ಮೆಟ್ ಹಾಕಿ, ಸವಾರನಿಗೆ ಪಟ್ಟಿಯಿಂದ ಬಿಗಿದು, 40 ಕಿಲೋಮೀಟರ್ ಮೀರದೆ ಹೋಗಬೇಕೆಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

ತಂದೆಯಂದಿರಲ್ಲಿ ಪ್ರತ್ಯೇಕವಾಗಿ ಒಂದು ಅರಿಕೆ. ಹದಿನೆಂಟು ತುಂಬದ ಮಗ ಹಾಲು ಹಾಕಿ ಬರಲೆಂದು ಬೀಗದ ಕೈ ಕೊಟ್ಟು, ಅವನು ಅಪಘಾತ ಮಾಡಿದರೆ, 2019ರ ತಿದ್ದುಪಡಿಯಂತೆ ಹೊಣೆ ತಮ್ಮದು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ, ಗಾಡಿಯ ನೋಂದಣಿ ಒಂದು ವರ್ಷ ರದ್ದು.

ಹೊರೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಕ್ಯಾನು ಒಂದೇ ಬದಿಗೆ ನೇತಾಡಿದರೆ ತಿರುವಿನಲ್ಲಿ ಗಾಡಿ ಎಳೆಯುತ್ತದೆ. ಎರಡೂ ಬದಿಗೆ ಸಮವಾಗಿ ಹಾಕಿರಿ. ಹುಲ್ಲಿನ ಹೊರೆ ಹಿಂದಿನ ದೀಪವನ್ನು ಮುಚ್ಚಬಾರದು. ಬೆಳಗಿನ ಚಳಿಗೆ ಹೊದ್ದ ಕಂಬಳಿಯ ತುದಿ, ಹಿಂದೆ ಕುಳಿತ ಹೆಂಗಸರ ಸೆರಗು ಚಕ್ರಕ್ಕೆ ಸಿಕ್ಕದಂತೆ ಹೊರಡುವ ಮೊದಲು ಒಮ್ಮೆ ತಿರುಗಿ ನೋಡಿರಿ.

ಯಾರಾದರೂ ಬಿದ್ದದ್ದು ಕಂಡರೆ ಕೇಸಿಗೆ ಹೆದರಿ ಮುಂದೆ ಹೋಗುವುದು ಬೇಡ. ನೆರವಾದವರನ್ನು ಪೊಲೀಸರು ಸಾಕ್ಷಿಯಾಗೆಂದು ಒತ್ತಾಯಿಸುವಂತಿಲ್ಲ, ಹೆಸರು ಹೇಳೆಂದೂ ಬಲವಂತ ಮಾಡುವಂತಿಲ್ಲ. 108ಕ್ಕೆ ಫೋನ್ ಮಾಡಿರಿ. ರಕ್ತ ಸುರಿಯುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಬಿಡಬೇಡಿರಿ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತಕ್ಕೊಳಗಾದವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು.

ಇನ್ನು ಆ ಯಜಮಾನರ ಪ್ರಶ್ನೆ: ಕಣಕ್ಕೆ ಜಾಗ ಎಲ್ಲಿದೆ? ರಸ್ತೆಯಲ್ಲಿ ಒಕ್ಕುವುದು ಕಾನೂನಿಗೆ ವಿರುದ್ಧ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವರಿಗೆ 5,000 ರೂಪಾಯಿಯವರೆಗೆ ದಂಡ ಹಾಕಬಹುದು. ಆದರೆ ದಂಡದ ಮಾತು ಹೇಳಿ ಹೋದರೆ ಅವರ ರಾಗಿ ಒಕ್ಕಣೆಯಾಗುವುದಿಲ್ಲ. ಬಳಗದ ಹುಡುಗರು ಅವರ ಊರಿನ ಪಂಚಾಯಿತಿಯನ್ನು ಕೇಳಿಕೊಂಡು, ಕೆರೆಯ ಹಿಂದಿನ ಖಾಲಿ ಜಾಗದಲ್ಲಿ ಮುಳ್ಳು ಕಡಿದು, ನೆಲ ಮಟ್ಟ ಮಾಡಿ, ಸಗಣಿ ಬಗ್ಗಡ ಸಾರಿಸಿ ಕಣ ಸಿದ್ಧಪಡಿಸಿದ್ದಾರೆ. ಎರಡು ಭಾನುವಾರ ಹಿಡಿಯಿತು. ಮನೆಯ ಮೂಲೆಯಲ್ಲಿ ಬಿದ್ದಿದ್ದ ರೋಣಗಲ್ಲೊಂದನ್ನೂ ಉರುಳಿಸಿ ತಂದಿದ್ದಾರೆ. ಯಂತ್ರದಲ್ಲಿ ಒಕ್ಕಿಸುವವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಬಹುದು. ಸರದಿಗೆ ಈಗಲೇ ಹೆಸರು ಬರೆಸಿರಿ. ಕಣದ ರಾಗಿಯಲ್ಲಿ ಟಾರಿನ ಚೂರು, ಜಲ್ಲಿಪುಡಿ ಇರುವುದಿಲ್ಲವೆಂಬುದನ್ನು ಮನೆಯ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ.

ಎತ್ತಿನ ಗಾಡಿ, ಟ್ರಾಕ್ಟರ್ ಟ್ರೈಲರುಗಳ ಹಿಂದೆ ಅಂಟಿಸಲು ಹೊಳೆಯುವ ಕೆಂಪು ಪಟ್ಟಿಯನ್ನು ಬಳಗದವರು ತರಿಸಿದ್ದಾರೆ. ದೀಪಾವಳಿಗೆ ಮುಂಚಿನ ಭಾನುವಾರ ಬೆಳಗ್ಗೆ ಎಂಟಕ್ಕೆ ಡೇರಿಯ ಮುಂದೆ ಬನ್ನಿರಿ. ಗಾಡಿಯ ಹಿಂಭಾಗವನ್ನು ತೊಳೆದು ಒಣಗಿಸಿಕೊಂಡು ಬಂದರೆ ಪಟ್ಟಿ ಚೆನ್ನಾಗಿ ಹಿಡಿಯುತ್ತದೆ. ಬರುವ ದಾರಿಯಲ್ಲಿ ಹೋದ ವರ್ಷದ ಒಕ್ಕಣೆಗೆ ಇಟ್ಟ ಕಲ್ಲುಗಳು ರಸ್ತೆಯಂಚಿನಲ್ಲಿ ಉಳಿದಿದ್ದರೆ ಎತ್ತಿ ಬದಿಗೆ ಹಾಕಿರಿ.