ಮಾಯೆಗೆ ಮಾತು ಕೊಟ್ಟವರು

ಮಾಯೆ ಹುಟ್ಟಿದ್ದು ಬನವಾಸಿಯಲ್ಲಿ. ಶಿರಸಿ ತಾಲ್ಲೂಕಿನ, ವರದಾನದಿಯ ದಡದ, ಮಧುಕೇಶ್ವರ ದೇವಾಲಯದ ಈ ಬನವಾಸಿಯಲ್ಲಿಯೇ. ಹಾಗೆಂದವನು ಚಾಮರಸ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ, ಭಾಮಿನೀ ಷಟ್ಪದಿಯ 25 ಗತಿಗಳಲ್ಲಿ ‘ಪ್ರಭುಲಿಂಗಲೀಲೆ’ಯನ್ನು ರಚಿಸಿದ ಕವಿ. ತನ್ನ ಮಾಯೆಗೆ ಸಿಲುಕದವರು ಮೂಲೋಕದಲ್ಲಿಯೂ ಇಲ್ಲವೆಂದು ಪಾರ್ವತಿ ಹೆಮ್ಮೆಪಡಲು, ಅಲ್ಲಮನೊಬ್ಬನಿದ್ದಾನೆಂದು ಶಿವನು ಮರುನುಡಿಯಲು, ಆ ಪಂತಕ್ಕೆ ಪಣವಾಗಿ ದೇವಿಯ ತಾಮಸಕಳೆಯೇ ಬನವಾಸಿಯ ಅರಸನ ಮಗಳಾಗಿ ಭೂಮಿಗಿಳಿಯುತ್ತದೆ. ಆ ಅರಸನ ಹೆಸರು ಮಮಕಾರ, ಅರಸಿಯ ಹೆಸರು ಮೋಹಿನಿ. ಎದುರು ಪಕ್ಷದಲ್ಲಿ ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಗುಣಗಳೇ ಮನುಷ್ಯರ ವೇಷ ತೊಟ್ಟು, ಮನೆ ಕಟ್ಟಿ, ಮಕ್ಕಳನ್ನು ಪಡೆದು ಬಾಳುವ ಈ ಬಗೆಯ ಕಥನವು ಸಂಸ್ಕೃತದ ‘ಪ್ರಬೋಧಚಂದ್ರೋದಯ’ದಂತಹ ನಾಟಕಗಳಿಂದ ನಮ್ಮ ಪಂಡಿತರಿಗೆ ಪರಿಚಿತವಾಗಿತ್ತು; ಚಾಮರಸನ ವಿಶೇಷವೆಂದರೆ, ಆ ಗುಣಗಳಿಗೆ ನಾವು ಹೋಗಿ ನೋಡಿ ಬರಬಹುದಾದ ಒಂದು ಊರನ್ನೂ ಒಂದು ಗುಡಿಯನ್ನೂ ಕೊಟ್ಟದ್ದು. ಆ ಗುಡಿಯಲ್ಲಿ ಅಲ್ಲಮ ಮದ್ದಳೆ ನುಡಿಸುತ್ತಾನೆ, ಮಾಯೆ ಕುಣಿಯುತ್ತಾಳೆ. ಗೆಲ್ಲಲು ಬಂದವಳು ತಾನೇ ಸೋಲುತ್ತಾಳೆ. ತಬ್ಬಲು ಹೋದರೆ ಅವನು ತೋಳಿಗೆ ದಕ್ಕುವುದಿಲ್ಲ.

ಈ ಕಾವ್ಯವೇಕೆ ಹುಟ್ಟಿತು ಎಂದು ವಿಚಾರಿಸಹೊರಟರೆ, ಅದಕ್ಕೆ ಎರಡು ಶತಮಾನಗಳಿಗೂ ಹಿಂದಿನ ಮತ್ತೊಂದು ಕೃತಿಯ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ. ಹಂಪೆಯ ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿಯೂ ಅಲ್ಲಮ ಬಳ್ಳಿಗಾವೆಯವನೇ, ಮದ್ದಳೆಗಾರನೇ. ಆದರೆ ಅಲ್ಲಿ ಅವನು ಸಿಲುಕುತ್ತಾನೆ. ಕಮಲತೆಯೆಂಬವಳನ್ನು ಕಂಡು ಮೋಹಿಸಿ, ಅವಳೊಡನೆ ಲೋಕವನ್ನೇ ಮರೆತು ಬಾಳಿ, ಅವಳು ಜ್ವರಕ್ಕೆ ತುತ್ತಾಗಿ ತೀರಿಕೊಂಡ ಮೇಲೆ ಹುಚ್ಚನಂತೆ ಅಲೆಯುತ್ತಾನೆ. ತೋಟವೊಂದರಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಕಾಲ್ಬೆರಳಲ್ಲಿ ನೆಲ ಕೆದಕುತ್ತಿರುವಾಗ ಹೂತುಹೋದ ದೇಗುಲದ ಕಳಸ ಕಾಣಿಸಿಕೊಂಡು, ಒಳಗೆ ಅನಿಮಿಷಯ್ಯನ ಕೈಯ ಲಿಂಗ ಅವನಿಗೆ ದೊರೆಯುತ್ತದೆ. ಮೋಹದ ತುತ್ತತುದಿಯಿಂದಲೇ ವೈರಾಗ್ಯಕ್ಕೆ ದಾರಿಯಿದೆಯೆಂಬುದು ಹರಿಹರನ ಕಾಣ್ಕೆ. ಅಲ್ಲಮನನ್ನು ಶೂನ್ಯಸಿಂಹಾಸನದ ಅಧೀಶ್ವರನೆಂದು ಆರಾಧಿಸುವ ಭಕ್ತಸಮುದಾಯಕ್ಕೆ, ತಮ್ಮ ಪ್ರಭು ಒಬ್ಬ ಹೆಣ್ಣಿಗಾಗಿ ಅತ್ತನೆಂಬ ಕಥೆ ಹೇಗೆ ಸಹ್ಯವಾದೀತು? ಆ ಅಸಹನೆಗೆ ಷಟ್ಪದಿಯ ರೂಪ ಕೊಟ್ಟವನು ಚಾಮರಸನೆಂದು ನಾನು ತಿಳಿಯುತ್ತೇನೆ. ‘ಪ್ರಭುಲಿಂಗಲೀಲೆ’ ಒಬ್ಬ ಸಹೃದಯನು ಇನ್ನೊಬ್ಬ ಕವಿಗೆ ಕೊಟ್ಟ ಉತ್ತರ; ಸೌಜನ್ಯದಿಂದ ಕೂಡಿದ, ಆದರೆ ಎಳ್ಳಷ್ಟೂ ರಾಜಿಯಿಲ್ಲದ ಉತ್ತರ. ಮುಂದೆ ಅದು ತಮಿಳಿಗೂ ತೆಲುಗಿಗೂ ಹೋಯಿತು. ಕಮಲತೆ ಮಾತ್ರ ರಗಳೆಯಲ್ಲಿಯೇ ಉಳಿದಳು.

ಪ್ರಲೋಭನೆಯನ್ನು ವಸ್ತುವಾಗಿಸಿಕೊಂಡ ಕೃತಿಗೆ ಓದುಗರಿಂದ ಇಂತಹ ತಕರಾರು ಬರುವುದು ನಮ್ಮಲ್ಲಿಯೇ ಮೊದಲಲ್ಲ, ನಮ್ಮಲ್ಲಿಯೇ ಕೊನೆಯೂ ಅಲ್ಲ. 1941ರಲ್ಲಿ, ಮಹಾಯುದ್ಧದ ನಡುವೆ, ಆಕ್ಸ್‌ಫರ್ಡಿನ ಅಧ್ಯಾಪಕ ಸಿ. ಎಸ್. ಲೂಯಿಸ್ ಇಂಗ್ಲೆಂಡಿನ ಚರ್ಚಿನ ಒಂದು ವಾರಪತ್ರಿಕೆಯಲ್ಲಿ ಪತ್ರಮಾಲಿಕೆಯೊಂದನ್ನು ಆರಂಭಿಸಿದನು. ಬರೆಯುವವನು ಸ್ಕ್ರೂಟೇಪ್ ಎಂಬ ವೃದ್ಧ ಪಿಶಾಚಿ. ಓದಬೇಕಾದವನು ಅವನ ತಂಗಿಯ ಮಗನೋ ತಮ್ಮನ ಮಗನೋ ಆಗಿರಬೇಕಾದ ವರ್ಮ್‌ವುಡ್ ಎಂಬ ಎಳೆಯ ಪಿಶಾಚಿ. ವಿಷಯ, ಒಬ್ಬ ಸಾಧಾರಣ ಮನುಷ್ಯನನ್ನು ದೇವರಿಂದ ಮೆಲ್ಲಮೆಲ್ಲನೆ ಬೇರ್ಪಡಿಸುವ ಉಪಾಯ. ಕೊಲೆ, ಕಳವು, ವ್ಯಭಿಚಾರಗಳಂತಹ ಭಾರೀ ಪಾಪಗಳಿಗೆ ಮುದುಕ ಪಿಶಾಚಿ ಅಷ್ಟು ಬೆಲೆ ಕೊಡುವುದಿಲ್ಲ. ತಾಯಿಯ ಮಾತಿನ ಧಾಟಿಗೆ ಸಿಡುಕುವುದು, ಪ್ರಾರ್ಥನೆಯ ವೇಳೆ ಪಕ್ಕದವನ ಬೂಟನ್ನು ನೋಡಿ ಮನಸ್ಸಿನಲ್ಲಿ ನಗುವುದು, ಇಂತಹ ಅಲ್ಪಗಳೇ ಅವನಿಗೆ ಪ್ರಿಯ. ಒಟ್ಟು 31 ಪತ್ರಗಳು, 1942ರಲ್ಲಿ ಪುಸ್ತಕ. ಓದುಗರಲ್ಲಿ ಒಬ್ಬ ಹಳ್ಳಿಯ ಪಾದ್ರಿ ತನಗೆ ಪತ್ರಿಕೆಯೇ ಬೇಡವೆಂದು ಚಂದಾ ನಿಲ್ಲಿಸಿದನಂತೆ. ಈ ಪತ್ರಗಳ ಉಪದೇಶವು ತಪ್ಪು ಮಾತ್ರವಲ್ಲ, ಪೈಶಾಚಿಕವೂ ಆಗಿದೆಯೆಂಬುದು ಅವನ ಆಕ್ಷೇಪ. ಈ ಪ್ರಸಂಗವನ್ನು ಲೂಯಿಸನೇ ಮುಂದೆ ವಿನೋದದಿಂದ ಬರೆದುಕೊಂಡಿದ್ದಾನೆ. ನಮ್ಮ ಕಡೆಯ ಓದುಗರು ಪಾದ್ರಿಯನ್ನು ಕಂಡು ನಗುವುದು ಸಹಜ. ಆದರೂ ವೇಷದ ಮಾತನ್ನು ವೇಷಧಾರಿಯ ಮಾತೆಂದು ತಿಳಿಯುವ ಆ ಭೋಳೆತನದಲ್ಲಿ ಒಂದು ಎಚ್ಚರವೂ ಇದೆ. ಪಿಶಾಚಿಗೆ ಅಷ್ಟು ಚೆನ್ನಾಗಿ ಮಾತು ಕೊಟ್ಟವನ ಒಳಗೆ ಏನಿದ್ದೀತೆಂಬ ಅನುಮಾನ ಅದು. ಇದು ಎಷ್ಟು ವರ್ಷಗಳ ಶಾಸ್ತ್ರಾಭ್ಯಾಸದ ಫಲವೋ ಎಂದು ಮೆಚ್ಚಿದವರಿಗೆ ಲೂಯಿಸ್ ಕೊಟ್ಟ ಉತ್ತರವೂ ಅದೇ: ಪ್ರಲೋಭನೆಯ ಮರ್ಮವನ್ನು ತಿಳಿಯಲು ಗ್ರಂಥಗಳೇ ಬೇಕಿಲ್ಲ, ತನ್ನ ಹೃದಯವೇ ಸಾಕಾಗಿತ್ತು. ಆ ಪತ್ರಗಳನ್ನು ಬರೆಯುವುದು ಸುಲಭವಾಗಿದ್ದರೂ ಸುಖಕರವಾಗಿರಲಿಲ್ಲವೆಂದೂ, ಪಿಶಾಚಿಯ ಬಾಯಲ್ಲಿ ಮಾತಾಡುತ್ತ ಮಾತಾಡುತ್ತ ಉಸಿರು ಕಟ್ಟಿದಂತಾಗುತ್ತಿತ್ತೆಂದೂ ಅವನ ಅಂಬೋಣ. ಇನ್ನಷ್ಟು ಬರೆಯಿರೆಂದು ಜನ ಪೀಡಿಸಿದರೂ ಬಹುಕಾಲ ಒಪ್ಪದೆ, 1959ರಲ್ಲಿ ಒಂದೇ ಒಂದು ಭಾಷಣವನ್ನು ಸ್ಕ್ರೂಟೇಪನಿಂದ ಮಾಡಿಸಿ ಕೈತೊಳೆದುಕೊಂಡನು.

ಆ ಪಾದ್ರಿಯೇನಾದರೂ ಮಳೆಗಾಲದ ಒಂದಿರುಳು ಸಿದ್ದಾಪುರ ಸೀಮೆಗೆ ಬಂದು, ದೊಡ್ಮನೆಯ ಕಡೆಯ ಯಾವುದಾದರೊಂದು ಜಗಲಿಯಲ್ಲಿ ತಾಳಮದ್ದಳೆ ಕೇಳಿದ್ದರೆ ಏನೆನ್ನುತ್ತಿದ್ದನೋ ತಿಳಿಯದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ, ಮದ್ದಳೆಯ ಪೆಟ್ಟು, ಎದುರುಬದುರಾಗಿ ಕುಳಿತ ಅರ್ಥಧಾರಿಗಳು, ಅಷ್ಟೆ. ಅಡಕೆಗೆ ಕೊಳೆ ಬಂತೋ ಬಿಟ್ಟಿತೋ ಎಂಬ ಚಿಂತೆಯನ್ನು ಬದಿಗಿಟ್ಟು, ಕವಳ ಜಗಿಯುತ್ತ ಕುಳಿತ ಹವ್ಯಕ ಶ್ರೋತೃಗಳ ಮುಂದೆ ಕೀಚಕನು ಸೈರಂಧ್ರಿಯನ್ನು ಓಲೈಸುತ್ತಾನೆ, ರಾವಣನು ತನ್ನ ನ್ಯಾಯವನ್ನು ಮಂಡಿಸುತ್ತಾನೆ. ಕೌರವನ ಅರ್ಥ ಹೇಳಿದವನು ದುಷ್ಟನೆಂದು ಮರುದಿನ ಅವನ ಮನೆಯ ಚಾ ಕುಡಿಯದೆ ಬಂದವರನ್ನು ಕಾಣೆ. ಬದಲಾಗಿ, ಖಳನ ಮಾತು ಸಪ್ಪೆಯಾದರೆ ಬೇಸರಿಸುವವರು ಈ ಶ್ರೋತೃಗಳು. ಪ್ರಲೋಭಕನ ತರ್ಕ ಪ್ರಬಲವಾಗದಿದ್ದರೆ ಜಯಿಸಿದವನ ಜಯಕ್ಕೆ ತೂಕವೆಲ್ಲಿಂದ ಬರಬೇಕು?

ಆದರೆ ‘ಕರ್ಣಭೇದನ’ದ ದಿನ ಮಾತ್ರ ಈ ತೀರ್ಪುಗಾರರು ಒಮ್ಮತಕ್ಕೆ ಬರುವುದಿಲ್ಲ. ಚಾಮರಸನ ಸಮಕಾಲೀನನೆಂದು ಹೇಳುವ ಕುಮಾರವ್ಯಾಸನು ಉದ್ಯೋಗಪರ್ವದಲ್ಲಿ ಹಾಕಿಕೊಟ್ಟ ಸನ್ನಿವೇಶ ಅದು: ಸಂಧಾನ ಮುರಿದು ಹಿಂದಿರುಗುವ ಕೃಷ್ಣನು ಕರ್ಣನನ್ನು ಕರೆದು, ಹತ್ತಿರ ಕೂರಿಸಿಕೊಂಡು, ಜನ್ಮರಹಸ್ಯವನ್ನು ಬಿಚ್ಚಿ, ರಾಜ್ಯವನ್ನೂ ತಮ್ಮಂದಿರ ಸೇವೆಯನ್ನೂ ಮುಂದೊಡ್ಡುತ್ತಾನೆ. ಇಲ್ಲಿ ಪ್ರಲೋಭಿಸುವವನು ಪಿಶಾಚಿಯಲ್ಲ, ಸಾಕ್ಷಾತ್ ಭಗವಂತ. ನಿರಾಕರಿಸುವವನು ಅಧರ್ಮದ ಪಕ್ಷದವನು. ಒಳ್ಳೆಯ ಕರ್ಣ ಸಿಕ್ಕಿದ ರಾತ್ರಿ ಸಭೆ ಕೃಷ್ಣನ ಮೇಲೆ ಮುನಿಯುತ್ತದೆ. ಒಳ್ಳೆಯ ಕೃಷ್ಣ ಸಿಕ್ಕಿದ ರಾತ್ರಿ, ಋಣವೆಂಬುದೂ ಒಂದು ಮೋಹವೇ ಅಲ್ಲವೆ ಎಂದು ಕರ್ಣನನ್ನು ಶಂಕಿಸುತ್ತದೆ. ಲೂಯಿಸನ ಪುಸ್ತಕಕ್ಕೆ ಈ ತೊಡಕು ಇಲ್ಲ. ಅಲ್ಲಿ ಪತ್ರದ ಕೆಳಗೆ ಪಿಶಾಚಿಯ ರುಜುವಿದೆ.

ಕ್ರೈಸ್ತ ಕಥನವು ಕನ್ನಡಕ್ಕೆ ಬಂದ ದಾರಿಯೂ ಈ ಹಿನ್ನೆಲೆಯಲ್ಲಿಯೇ ಅರ್ಥವಾಗತಕ್ಕದ್ದು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲೊಬ್ಬರಾದ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟದ್ದು 1843ರಲ್ಲಿ. 1847ರ ಹೊತ್ತಿಗೆ ಜಾನ್ ಬನ್ಯನ್‌ನ ರೂಪಕಕಥೆ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡ ಗದ್ಯದಲ್ಲಿ ಕಾಣಿಸಿಕೊಂಡಿತು. ಬನ್ಯನ್ ಒಡೆದ ಪಾತ್ರೆಗಳಿಗೆ ಬೆಸುಗೆ ಹಾಕಿ ಬದುಕುತ್ತಿದ್ದ ಬಡವ; ಅಪ್ಪಣೆಯಿಲ್ಲದೆ ಧರ್ಮಬೋಧೆ ಮಾಡಿದನೆಂದು ಬೆಡ್‌ಫರ್ಡಿನ ಸೆರೆಯಲ್ಲಿ ಹನ್ನೆರಡು ವರ್ಷ ಕೊಳೆತವನು. ಅವನ ಯಾತ್ರಿಕನು ಪಾಪದ ಹೊರೆ ಹೊತ್ತು ವಿನಾಶನಗರವನ್ನು ಬಿಟ್ಟು ಹೊರಡುವಾಗ, ದಾರಿಯಲ್ಲಿ ಸಿಗುವ ಹಠಮಾರಿ, ಲೋಕಚತುರ, ಮಿಥ್ಯೆಯ ಸಂತೆ ಎಲ್ಲವೂ ತಮ್ಮ ಹೆಸರನ್ನು ಹಣೆಯಲ್ಲಿ ಬರೆದುಕೊಂಡೇ ಬರುತ್ತವೆ. ಮಮಕಾರನೆಂಬ ಅರಸನನ್ನು ನಾಲ್ಕು ಶತಮಾನಗಳಿಂದ ಬಲ್ಲ ಕನ್ನಡಿಗನಿಗೆ ಈ ತಂತ್ರ ಹೊಸದಾಗಿರಲಾರದು. ಹೊಸದಾಗಿ ತೋರಿರಬಹುದಾದದ್ದು ಬೇರೆ: ಹೆಂಡತಿಮಕ್ಕಳು ಕೂಗಿ ಕರೆಯುತ್ತಿರಲು ಎರಡು ಕಿವಿಗಳಲ್ಲಿಯೂ ಬೆರಳಿಟ್ಟುಕೊಂಡು ಓಡುವ ಗೃಹಸ್ಥ. ಸನ್ಯಾಸವನ್ನು ಆಶ್ರಮಧರ್ಮದ ಕೊನೆಗಿಟ್ಟು, ಅದಕ್ಕೂ ಮನೆಯವರ ಸಮ್ಮತಿ ಬೇಕೆಂದ ನಾಡಿನಲ್ಲಿ ಈ ಓಟ ಕಸಿವಿಸಿಯನ್ನುಂಟುಮಾಡದೆ ಇದ್ದೀತೆ?

ಕಸಿವಿಸಿ ಇಂಗ್ಲೆಂಡಿನವರಿಗೂ ಇತ್ತು. 1678ರಲ್ಲಿ ಪುಸ್ತಕವನ್ನು ಅಚ್ಚಿಗೆ ಕೊಡುವ ಮುನ್ನವೇ ಬನ್ಯನ್‌ನ ಸ್ನೇಹಿತರು ಎರಡು ಪಂಗಡವಾಗಿ, ಅಚ್ಚು ಮಾಡಿಸೆಂದು ಕೆಲವರೂ ಬೇಡವೆಂದು ಕೆಲವರೂ ಹೇಳಿದರೆಂದು ಅವನೇ ಪೀಠಿಕೆಯ ಪದ್ಯಗಳಲ್ಲಿ ತೋಡಿಕೊಂಡಿದ್ದಾನೆ. ಜನ ಓದಿದರು, ಆಡಿಕೊಂಡರು; ಬೇರೆಯವರು ತಾವೇ ಉತ್ತರಭಾಗ ಬರೆದು ಮಾರಿದರು. ಕೊನೆಗೆ 1684ರಲ್ಲಿ ಬನ್ಯನ್ ತನ್ನದೇ ಎರಡನೆಯ ಭಾಗವನ್ನು ಹೊರತಂದನು. ಅದರಲ್ಲಿ ಹಿಂದೆ ಉಳಿದಿದ್ದ ಹೆಂಡತಿ, ಮಕ್ಕಳನ್ನು ಕರೆದುಕೊಂಡು, ನೆರೆಮನೆಯ ಹುಡುಗಿಯನ್ನೂ ಜೊತೆಗೂಡಿಸಿಕೊಂಡು ಅದೇ ದಾರಿಯಲ್ಲಿ ನಡೆಯುತ್ತಾಳೆ. ವಿಮರ್ಶಕರು ಮೊದಲ ಭಾಗವೇ ಮೇಲೆನ್ನುವರು. ಕಟ್ಟಡದ ಬಿಗಿಯಲ್ಲಿ ಅದು ನಿಜ. ಆದರೆ ಎರಡನೆಯದರಲ್ಲಿ ಕುಂಟರು, ಅಂಜುಬುರುಕರು, ಮುದುಕರು ಎಲ್ಲರೂ ಸೇರಿ ನಡೆಯುವ ಆ ನಿಧಾನದ ಪಯಣವೇ ನನಗೆ ಹೆಚ್ಚು ಇಷ್ಟ.

ಚಾಮರಸನೂ ಮಾಯೆಯನ್ನು ಸೋಲಿಸಿದಲ್ಲಿಗೆ ಕಥೆ ಮುಗಿಸಲಿಲ್ಲ. ಬನವಾಸಿಯ ಭಾಗವನ್ನು ಓದಿದವರು ಅಲ್ಲಮನಿಗೆ ಕೈಮುಗಿದರೂ ಕನಿಕರಪಡುವುದು ಮಾಯೆಯ ವಿಷಯದಲ್ಲಿಯೇ. ಹರಿಹರನಿಗೆ ಉತ್ತರ ಕೊಡಹೋದ ಕವಿ, ಕಮಲತೆಯ ಸಂಕಟವನ್ನು ತನಗರಿವಿಲ್ಲದೆಯೇ ಮಾಯೆಗೆ ದಾಟಿಸಿಬಿಟ್ಟನೋ ಎನಿಸುತ್ತದೆ. ಸೋತ ತಾಮಸಕಳೆ ಹಿಂದಿರುಗಿದ ಮೇಲೆ ಪಾರ್ವತಿಯು ತನ್ನ ಸಾತ್ವಿಕಕಳೆಯನ್ನು ಭೂಮಿಗೆ ಕಳುಹುತ್ತಾಳೆ. ಉಡುತಡಿಯಲ್ಲಿ ಹುಟ್ಟಿದ ಆ ಕಳೆಯೇ ಅಕ್ಕಮಹಾದೇವಿ. ‘ಶೂನ್ಯಸಂಪಾದನೆ’ಯಲ್ಲಿ ಅವಳು ಕಲ್ಯಾಣಕ್ಕೆ ಬಂದಾಗ ಅಲ್ಲಮ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಗಂಡನಾರೆಂದು ಕೇಳುತ್ತಾನೆ, ಉಟ್ಟುದನ್ನು ತೊರೆದವಳಿಗೆ ಕೂದಲ ಮರೆಯೇತಕ್ಕೆಂದು ಕೆಣಕುತ್ತಾನೆ, ತುಂಬಿದ ಸಭೆಯಲ್ಲಿ. ಆಕೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ.